ಎರಡು ಗಾಲಿಗಳ ಮೇಲೆ ದೂರದೇಶಕ್ಕೆ

ಸೈಕಲ್ಲು ನಮ್ಮ ನಾಡಿನ ಅತಿ ಸಾಮಾನ್ಯ ವಾಹನ. ಹಾಲು ಮಾರುವವನಿಗೂ, ಅಂಚೆಯವನಿಗೂ, ಶಾಲೆಗೆ ಹೋಗುವ ವಿದ್ಯಾರ್ಥಿಗೂ ಅದು ನಿತ್ಯದ ಸಂಗಾತಿ. ಅತಿ ಪರಿಚಯದಿಂದಲೋ ಏನೋ, ಅದರ ಶಕ್ತಿಯನ್ನು ನಾವು ಊರಿನ ಗಡಿಯಿಂದಾಚೆಗೆ ಊಹಿಸುವುದೇ ಇಲ್ಲ. ಆದರೆ ಇದೇ ವಾಹನವು ಭೂಖಂಡಗಳನ್ನು ದಾಟಿದೆ. ಥಾಮಸ್ ಸ್ಟೀವನ್ಸ್ ಎಂಬಾತನು 1884ರ ಏಪ್ರಿಲಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟು, ನೆಲವಿದ್ದೆಡೆ ಸೈಕಲ್ಲಿನ ಮೇಲೂ ಕಡಲಿದ್ದೆಡೆ ಹಡಗಿನಲ್ಲೂ ಸಾಗಿ, 1886ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮಾ ತಲುಪಿದನು. ಆತನ ಸೈಕಲ್ಲಿನ ಮುಂದಿನ ಗಾಲಿ ಮನುಷ್ಯನ ಎದೆಯೆತ್ತರವಿತ್ತು. ಹಿಂದಿನದು ತೀರ ಚಿಕ್ಕದು. ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ಲುಗಳ ಮೇಲೆ ಲೋಕಸಂಚಾರಕ್ಕೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗಾರಾ ಎಂಬ ಮೂವರು ಸಂಚಾರವನ್ನು ಪೂರೈಸಿ 1928ರಲ್ಲಿ ಹಿಂದಿರುಗಿದರು.

ಇಂತಹ ಕಥೆಗಳನ್ನು ಓದುವಾಗ ನಾವು ಪ್ರವಾಸಿಯ ಧೈರ್ಯವನ್ನು ಕಂಡು ಬೆರಗಾಗುತ್ತೇವೆ. ಹಿಮ, ಮರುಭೂಮಿ, ಕಾಡುಮೃಗ ಇವೇ ನಮ್ಮ ಕಣ್ಣಿಗೆ ಕಟ್ಟುತ್ತವೆ. ಆದರೆ ಮೊದಲ ಪೆಡಲು ತಿರುಗುವುದಕ್ಕೆ ಎಷ್ಟೋ ಮುಂಚೆಯೇ ಪ್ರವಾಸದ ಅರ್ಧ ಭಾಗ ನಿರ್ಧಾರವಾಗಿರುತ್ತದೆ. ಯಾವ ಸೈಕಲ್ಲು, ಯಾವ ತಿಂಗಳು, ಎಷ್ಟು ಹೊರೆ, ಯಾವ ದೇಶದ ಅನುಮತಿ ಎಂಬ ಪ್ರಶ್ನೆಗಳಿಗೆ ಮನೆಯ ಮೇಜಿನ ಮುಂದೆ ಕುಳಿತು ಕೊಟ್ಟುಕೊಂಡ ಉತ್ತರಗಳೇ ಮುಂದೆ ಪ್ರವಾಸಿಯನ್ನು ಕಾಯುತ್ತವೆ ಅಥವಾ ಕಾಡುತ್ತವೆ. ಈ ಮಾತಿಗೆ ಐರ್ಲೆಂಡಿನ ಡರ್ವ್ಲಾ ಮರ್ಫಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಮರ್ಫಿ 1931ರ ನವೆಂಬರ್ 28ರಂದು ಐರ್ಲೆಂಡಿನ ದಕ್ಷಿಣ ಭಾಗದ ಲಿಸ್ಮೋರ್ ಎಂಬ ಸಣ್ಣ ಊರಿನಲ್ಲಿ ಜನಿಸಿದಳು. ತಂದೆ ಗ್ರಂಥಪಾಲಕ, ಮನೆಯಲ್ಲಿ ಹಣಕ್ಕಿಂತ ಪುಸ್ತಕಗಳೇ ಹೆಚ್ಚು. ಆಕೆಗೆ ಹತ್ತು ವರ್ಷ ತುಂಬಿದ ದಿನ ಎರಡು ಉಡುಗೊರೆಗಳು ಬಂದವು. ತಂದೆತಾಯಿಗಳು ಯಾರೋ ಬಳಸಿ ಬಿಟ್ಟ ಒಂದು ಸೈಕಲ್ಲನ್ನು ಕೊಟ್ಟರು. ಅಜ್ಜ ಒಂದು ಹಳೆಯ ಭೂಪಟಗಳ ಪುಸ್ತಕವನ್ನು ಕೊಟ್ಟನು. ‘ದೇಶ ಸುತ್ತು, ಕೋಶ ಓದು’ ಎಂಬ ನಮ್ಮ ಗಾದೆಯ ಎರಡು ಅರ್ಧಗಳೂ ಆ ಹುಡುಗಿಗೆ ಒಂದೇ ದಿನ ಕೈಸೇರಿದವೆನ್ನಬಹುದು. ಕೆಲವು ದಿನಗಳ ಬಳಿಕ ಊರಿನ ಹತ್ತಿರದ ಕಡಿದಾದ ಗುಡ್ಡವೊಂದನ್ನು ಏರುತ್ತಿದ್ದಾಗ, ಪೆಡಲು ತುಳಿಯುತ್ತಿದ್ದ ತನ್ನ ಕಾಲುಗಳನ್ನು ನೋಡಿ ಆಕೆಗೆ ಒಂದು ಯೋಚನೆ ಹೊಳೆಯಿತು: ಹೀಗೆಯೇ ಬಿಡದೆ ತುಳಿಯುತ್ತ ಹೋದರೆ ಒಂದು ದಿನ ಭಾರತವನ್ನು ಮುಟ್ಟಬಹುದಲ್ಲ! ದೊಡ್ಡವರು ನಕ್ಕುಬಿಡುವರೆಂದು ಈ ಸಂಗತಿಯನ್ನು ಆಕೆ ಯಾರಿಗೂ ಹೇಳಲಿಲ್ಲ.

ಹೊರಡುವುದಕ್ಕೆ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು. ತಾಯಿ ಕೀಲುವಾತದಿಂದ ನಡೆಯಲಾರದೆ ಹಾಸಿಗೆ ಹಿಡಿದಿದ್ದಳು. ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ಮಗಳು ಆಕೆಯ ಶುಶ್ರೂಷೆಗೆ ನಿಂತಳು. ಒಡಹುಟ್ಟಿದವರು ಯಾರೂ ಇರಲಿಲ್ಲ, ಹೊರೆಯನ್ನು ಹಂಚಿಕೊಳ್ಳುವವರಿರಲಿಲ್ಲ. ಇಂತಹ ಸ್ಥಿತಿಯಲ್ಲಿ ಬಾಲ್ಯದ ಕನಸುಗಳು ಸಾಮಾನ್ಯವಾಗಿ ಬಾಡಿಹೋಗುತ್ತವೆ. ಮರ್ಫಿಯ ಕನಸು ಬಾಡಲಿಲ್ಲ. ಅದು ಯೋಜನೆಯಾಗಿ ಗಟ್ಟಿಯಾಯಿತು. ಬಿಡುವು ಸಿಕ್ಕಾಗಲೆಲ್ಲ ಆಕೆ ಸಣ್ಣ ಪ್ರವಾಸಗಳನ್ನು ಮಾಡಿದಳು. 1951ರಲ್ಲಿ ವೇಲ್ಸ್ ಹಾಗೂ ದಕ್ಷಿಣ ಇಂಗ್ಲೆಂಡಿಗೆ, 1952ರಲ್ಲಿ ಬೆಲ್ಜಿಯಂ, ಜರ್ಮನಿ, ಫ್ರಾನ್ಸುಗಳಿಗೆ, 1954 ಮತ್ತು 1956ರಲ್ಲಿ ಸ್ಪೇನಿಗೆ ಹೋಗಿಬಂದಳು. ಬೆನ್ನು ಎಷ್ಟು ಗಂಟೆ ತಡೆಯುತ್ತದೆ, ಮಳೆಯಲ್ಲಿ ಏನು ನೆನೆಯುತ್ತದೆ, ದಿನಕ್ಕೆ ಎಷ್ಟು ಹಣ ಬೇಕು ಎಂಬುದನ್ನು ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು. ದೂರದೇಶಕ್ಕೆ ಹೊರಡುವವರು ಮೊದಲು ಮೂರು ನಾಲ್ಕು ದಿನಗಳ ಪ್ರವಾಸವನ್ನಾದರೂ ಪೂರ್ಣ ಹೊರೆಯೊಡನೆ ಮಾಡಿ ನೋಡಬೇಕೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

1961ರ ಜನವರಿ 14ರಂದು ಮರ್ಫಿ ಹೊಸ ಸೈಕಲ್ಲೊಂದನ್ನು ಕೊಂಡಳು. ಅದು ಗಂಡಸರು ಬಳಸುವ ಮಾದರಿಯ, ಗಟ್ಟಿಮುಟ್ಟಾದ ಆರ್ಮ್‌ಸ್ಟ್ರಾಂಗ್ ಕೆಡೆಟ್. ಸ್ಪೇನಿನ ಮಹಾಲೇಖಕ ಸರ್ವಾಂಟಿಸನ ಕಥಾನಾಯಕ ಡಾನ್ ಕಿಹೋಟೆಯ ಬಡಕಲು ಕುದುರೆಯ ಹೆಸರನ್ನು ಅದಕ್ಕೆ ಇಟ್ಟು, ಮೊಟಕಾಗಿ ‘ರಾಝ್’ ಎಂದು ಕರೆದಳು. ಅದೇ ವರ್ಷ ತಂದೆಯೂ, ಮರುವರ್ಷ ತಾಯಿಯೂ ತೀರಿಕೊಂಡರು. ಕೊಂಡ ದಿನದಿಂದ ಸರಿಯಾಗಿ ಎರಡು ವರ್ಷಕ್ಕೆ, 1963ರ ಜನವರಿ 14ರಂದು, ಫ್ರಾನ್ಸಿನ ಡಂಕರ್ಕ್ ಬಂದರಿನಿಂದ ಭಾರತದ ಕಡೆಗೆ ಪ್ರಯಾಣ ಆರಂಭವಾಯಿತು.

ಈ ಎರಡು ವರ್ಷಗಳನ್ನು ಲಕ್ಷಿಸಬೇಕು. ದೂರಪ್ರಯಾಣಕ್ಕೆಂದು ಹೊಸ ಸೈಕಲ್ಲನ್ನು ಕೊಂಡು ಮರುವಾರವೇ ಹೊರಡುವವರುಂಟು. ಅದು ಪರಿಚಯವಿಲ್ಲದವನೊಡನೆ ಕಾಡಿಗೆ ಹೋದಂತೆ. ಪ್ರತಿಯೊಂದು ಸೈಕಲ್ಲಿಗೂ ತನ್ನದೇ ಆದ ಸದ್ದಿದೆ, ತನ್ನದೇ ಆದ ತಂಟೆಯಿದೆ. ಯಾವ ಕಿರುಗುಟ್ಟುವಿಕೆ ಎಣ್ಣೆ ಬೇಡುತ್ತಿದೆ, ಯಾವುದು ಅಪಾಯದ ಸೂಚನೆ ಎಂಬುದು ಬಹುಕಾಲ ತುಳಿದವರಿಗೆ ಮಾತ್ರ ತಿಳಿಯುತ್ತದೆ. ಬಾಡಿಗೆಯ ಸೈಕಲ್ಲು ಅಲ್ಲಲ್ಲಿ ದೊರೆಯುವ ಈ ಕಾಲದಲ್ಲಿಯೂ ಅನೇಕರು ಶ್ರಮಪಟ್ಟು ತಮ್ಮ ಸ್ವಂತ ಸೈಕಲ್ಲನ್ನೇ ಕಡಲಾಚೆಗೆ ಕೊಂಡೊಯ್ಯುವುದಕ್ಕೆ ಇದೇ ಕಾರಣ.

ಹೊರಡುವ ಮುನ್ನ ಮರ್ಫಿ ಮಾಡಿದ ಒಂದು ಕೆಲಸ ಮೇಲುನೋಟಕ್ಕೆ ವಿಚಿತ್ರವೆನಿಸುತ್ತದೆ. ರಾಝ್‌ಗೆ ಇದ್ದ ಮೂರು ವೇಗಗಳ ಗೇರನ್ನು ಆಕೆ ತೆಗೆಸಿಹಾಕಿದಳು. ಗೇರು ಎಂದರೇನೆಂಬುದನ್ನು ತಿಳಿದರೆ ಈ ನಿರ್ಧಾರದ ಬೆಲೆ ಅರ್ಥವಾಗುತ್ತದೆ. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 48 ಹಲ್ಲುಗಳೂ ಹಿಂದಿನ ಹಲ್ಲುಚಕ್ರದಲ್ಲಿ 16 ಹಲ್ಲುಗಳೂ ಇವೆಯೆಂದು ಭಾವಿಸೋಣ. ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಮೂರು ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ 2.1 ಮೀಟರ್ ಆದರೆ ಸೈಕಲ್ಲು 6.3 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಾದ ನೆಲದಲ್ಲಿ ಇದು ಹಿತಕರ. ಏರಿನಲ್ಲಿ ಮೊಣಕಾಲಿಗೆ ಶಿಕ್ಷೆ. ಅದೇ ಮುಂದೆ 24, ಹಿಂದೆ 32 ಹಲ್ಲುಗಳಿದ್ದರೆ ಗಾಲಿ ಮುಕ್ಕಾಲು ಸುತ್ತು ಮಾತ್ರ ಬರುತ್ತದೆ; ಸೈಕಲ್ಲು ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ವೇಗ ಕುಗ್ಗಿತು, ಆದರೆ ಭಾರ ಹೊತ್ತು ಬೆಟ್ಟವೇರುವುದು ಸಾಧ್ಯವಾಯಿತು. ಇಷ್ಟು ಉಪಕಾರಿಯಾದ ಸಾಧನವನ್ನು ಆಕೆ ಏಕೆ ಬಿಟ್ಟುಕೊಟ್ಟಳು? ಏಷ್ಯಾದ ಕಲ್ಲುಹಾದಿಗಳಲ್ಲಿ ಆ ನಾಜೂಕಿನ ಯಂತ್ರ ಬಹುಕಾಲ ಬಾಳದು, ಕೆಟ್ಟರೆ ಸರಿಪಡಿಸುವವರು ಸಿಗುವುದಿಲ್ಲವೆಂಬುದು ಆಕೆಯ ಲೆಕ್ಕಾಚಾರ. ಏರು ಬಂದರೆ ಇಳಿದು ತಳ್ಳಬಹುದು. ಕೆಟ್ಟ ಗೇರನ್ನು ಹೊತ್ತು ತಿರುಗುವುದರಿಂದ ಏನು ಫಲ?

ಇಂದಿನ ಗೇರುಗಳು ಅಂದಿನವುಗಳಿಗಿಂತ ಬಹಳ ಗಟ್ಟಿಯಾಗಿವೆ. ಇಂದು ಹಾಗೆ ತೆಗೆಸಿಹಾಕಬೇಕಾಗಿಲ್ಲ. ಆದರೆ ಆ ಲೆಕ್ಕಾಚಾರದ ಹಿಂದಿನ ತತ್ತ್ವ ಹಳೆಯದಾಗಿಲ್ಲ. ದೂರದ ಹಾದಿಯಲ್ಲಿ ಅತ್ಯುತ್ತಮವಾದ ಬಿಡಿಭಾಗವೆಂದರೆ ಅತಿ ಬೆಲೆಯುಳ್ಳದ್ದಲ್ಲ, ಹಳ್ಳಿಯ ಕಮ್ಮಾರನು ಸರಿಪಡಿಸಬಲ್ಲದ್ದು. ಹಗುರವೆಂದು ಅಲ್ಯೂಮಿನಿಯಂ ಚೌಕಟ್ಟನ್ನು ಮೆಚ್ಚುವವರು ಬಹಳ. ಅದು ಬಿರುಕುಬಿಟ್ಟರೆ ಬೆಸೆಯಲು ವಿಶೇಷ ಸಲಕರಣೆ ಬೇಕು. ಉಕ್ಕಿನ ಚೌಕಟ್ಟಾದರೋ ತುಸು ಭಾರ. ಆದರೆ ಟ್ರಾಕ್ಟರಿನ ನೊಗ ಬೆಸೆಯುವವನು ಅದನ್ನೂ ಬೆಸೆದುಕೊಡುತ್ತಾನೆ. ಆದ್ದರಿಂದಲೇ ಭೂಖಂಡಗಳನ್ನು ದಾಟುವ ಅನೇಕರು ಇಂದಿಗೂ ಉಕ್ಕನ್ನೇ ಆರಿಸಿಕೊಳ್ಳುತ್ತಾರೆ.

ಟೈರಿನ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಅರಿಯದೆ ಸಂಕಟಕ್ಕೆ ಸಿಕ್ಕಿದವರು ಕಡಮೆಯಲ್ಲ. ಟೈರಿನ ಅಳತೆಯನ್ನು ಅಂಗುಲಗಳಲ್ಲಿ ಹೇಳುವುದು ರೂಢಿ. ಆದರೆ ಅಂಗುಲದ ಲೆಕ್ಕ ಮೋಸಗೊಳಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಕಾಣುವ ಕಪ್ಪು ಬಣ್ಣದ ಗಟ್ಟಿ ಸೈಕಲ್ಲಿನ ಗಾಲಿಯೂ 28 ಅಂಗುಲದ್ದು, ಯುರೋಪಿನ ಪ್ರವಾಸಿ ಸೈಕಲ್ಲಿನ ಗಾಲಿಯೂ 28 ಅಂಗುಲದ್ದು ಎಂದೇ ಹೇಳುತ್ತಾರೆ. ಆದರೆ ಟೈರು ಕೂರುವ ಅಂಚಿನ ಅಡ್ಡಳತೆ ಮೊದಲನೆಯದರಲ್ಲಿ 635 ಮಿಲಿಮೀಟರ್, ಎರಡನೆಯದರಲ್ಲಿ 622. ಹದಿಮೂರು ಮಿಲಿಮೀಟರಿನ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಟೈರು ಮಾತ್ರ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಈ ಅಳತೆಯನ್ನು ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುತ್ತಾರೆ. ಹೋಗುವ ದೇಶದಲ್ಲಿ ತನ್ನ ಅಳತೆಯ ಟೈರು ದೊರೆಯುವುದೇ ಎಂದು ವಿಚಾರಿಸಿಕೊಳ್ಳದೆ ಹೊರಟವನು ನೂರಾರು ಅಂಗಡಿಗಳ ನಡುವೆಯೂ ನಿಸ್ಸಹಾಯಕನಾಗುತ್ತಾನೆ. ಮರ್ಫಿ ಈ ಸಮಸ್ಯೆಯನ್ನು ಸರಳವಾಗಿ ಬಗೆಹರಿಸಿದಳು. ದಾರಿಯಲ್ಲಿ ಬರುವ ಕೆಲವು ಊರುಗಳ ರಾಯಭಾರ ಕಚೇರಿಗಳಿಗೆ ಬದಲಿ ಟೈರುಗಳನ್ನು ಮೊದಲೇ ಕಳುಹಿಸಿಬಿಟ್ಟಳು. ಹೊರೆಯೂ ತಪ್ಪಿತು, ಟೈರೂ ಕಾದಿತ್ತು.

ಇನ್ನು ಹೊರೆಯ ಮಾತು. ರಾಝ್‌ನ ತೂಕ ಸುಮಾರು 17 ಕಿಲೋಗ್ರಾಂ. ಅದರ ಮೇಲಿನ ಸಾಮಾನು ಸುಮಾರು 13 ಕಿಲೋಗ್ರಾಂ. ಆರು ತಿಂಗಳ ಪ್ರಯಾಣಕ್ಕೆ, ಹಿಮಕ್ಕೂ ಮರಳುಗಾಡಿಗೂ ಸೇರಿ, ಇಷ್ಟೇ. ನಮ್ಮ ಮನೆಗಳಲ್ಲಿ ಎರಡು ದಿನದ ಮದುವೆಗೆ ಹೊರಟವರ ಪೆಟ್ಟಿಗೆಯೇ ಇದಕ್ಕಿಂತ ಭಾರವಾಗಿರುವುದುಂಟು. ಮರ್ಫಿಗಿಂತ ಹಿಂದೆ ಸ್ಟೀವನ್ಸನು ಇನ್ನೂ ಕಡಮೆ ಒಯ್ದಿದ್ದನು: ಕಾಲುಚೀಲ, ಒಂದು ಬದಲಿ ಅಂಗಿ, ಒಂದು ಪಿಸ್ತೂಲು, ಒಂದು ಮಳೆಯಂಗಿ. ಆ ಮಳೆಯಂಗಿಯೇ ರಾತ್ರಿ ಡೇರೆ, ಅದೇ ಹಾಸಿಗೆ.

ಅಧಿಕ ಭಾರದಿಂದ ಆಗುವ ಕೆಡುಕು ಆಯಾಸವೊಂದೇ ಅಲ್ಲ. ಸವಾರನ ಮೈಭಾರದಲ್ಲಿ ಹೆಚ್ಚಿನ ಪಾಲನ್ನು ಹಿಂದಿನ ಗಾಲಿಯೇ ಹೊರುತ್ತದೆ. ಅದರ ಮೇಲೆಯೇ ಚೀಲಗಳನ್ನೂ ಹೇರಿದರೆ ಕಡ್ಡಿಗಳು ಮುರಿಯತೊಡಗುತ್ತವೆ. ಅದರಲ್ಲಿಯೂ ಹೆಚ್ಚಾಗಿ ಮುರಿಯುವುದು ಸರಪಳಿಯಿರುವ ಪಕ್ಕದ ಕಡ್ಡಿಗಳು. ಆ ಪಕ್ಕದಲ್ಲಿ ಹಲ್ಲುಚಕ್ರಗಳಿಗೆ ಸ್ಥಳ ಬಿಡಬೇಕಾದುದರಿಂದ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತು ಹೆಚ್ಚು ಬಿಗಿಯಾಗಿರುತ್ತವೆ. ಅವನ್ನು ಬದಲಿಸಬೇಕಾದರೆ ಹಲ್ಲುಚಕ್ರವನ್ನೇ ಬಿಚ್ಚಬೇಕು. ಅದಕ್ಕೆ ಬೇರೆ ಸಲಕರಣೆ ಬೇಕು. ಬುದ್ಧಿವಂತ ಪ್ರವಾಸಿಯು ಸಾಮಾನನ್ನು ಹಿಂದೆಯೂ ಮುಂದೆಯೂ ಹಂಚಿ, ಭಾರವಾದುದನ್ನು ಕೆಳಗೆ ಕಟ್ಟಿ, ಎಡಬಲಗಳನ್ನು ಸಮವಾಗಿಸುತ್ತಾನೆ. ಒಂದೆರಡು ಟ್ಯೂಬು, ಹತ್ತಾರು ಕಡ್ಡಿ, ಬ್ರೇಕಿನ ತಂತಿ, ಸರಪಳಿಯ ಕೆಲವು ಕೊಂಡಿ, ಪಂಕ್ಚರಿನ ತೇಪೆ ಇವಿಷ್ಟು ತಪ್ಪದೆ ಜೊತೆಗಿರಬೇಕು. ತೇಪೆ ಹಾಕುವಾಗ ಅಂಟು ಒಣಗುವ ತನಕ ಕಾಯುವ ತಾಳ್ಮೆಯೂ ಜೊತೆಗಿರಬೇಕು. ಮಳೆ ಹನಿಯತೊಡಗಿದಾಗ ಮೊದಲು ಕೈಕೊಡುವುದು ಅದೇ.

ಭೂಪಟದ ಮೇಲೆ ಗೆರೆ ಎಳೆಯುವುದು ಸುಲಭ. ಆ ಗೆರೆಯನ್ನು ಪಂಚಾಂಗದ ಮೇಲೂ ಎಳೆಯಬೇಕೆಂಬುದು ಹೊಸಬರಿಗೆ ಹೊಳೆಯುವುದಿಲ್ಲ. ಹೊರೆ ಹೊತ್ತ ಸೈಕಲ್ಲು ಒಳ್ಳೆಯ ರಸ್ತೆಯಲ್ಲಿ ದಿನಕ್ಕೆ 80 ರಿಂದ 100 ಕಿಲೋಮೀಟರ್ ಸಾಗಬಹುದು. ಬೆಟ್ಟದ ಹಾದಿಯಲ್ಲಿ ಅದರ ಅರ್ಧವೂ ಕಷ್ಟ. ಹೀಗಾಗಿ ಪಶ್ಚಿಮ ಯುರೋಪನ್ನು ಬಿಟ್ಟವನು ಇರಾನಿನ ಮರುಭೂಮಿಯನ್ನು ಮುಟ್ಟುವ ಹೊತ್ತಿಗೆ ಋತುವೇ ಬದಲಾಗಿರುತ್ತದೆ. ಬೇಸಗೆಯಲ್ಲಿ ಸುಖವಾಗಿ ಹೊರಟರೆ ತುರ್ಕಿಯ ಪೂರ್ವದ ಎತ್ತರದ ಬಯಲುಗಳಲ್ಲಿ ಹಿಮ ಎದುರಾಗುತ್ತದೆ. ಚಳಿಯಲ್ಲಿ ಕಷ್ಟಪಟ್ಟು ಹೊರಟರೆ ಮರುಭೂಮಿಯನ್ನು ಕಡು ಬಿಸಿಲಿಗೆ ಮುನ್ನ ದಾಟಬಹುದು. ಎಲ್ಲ ಕಡೆಯೂ ಹಿತವಾದ ಹವೆಯೇ ಸಿಗುವ ದಾರಿ ಇಲ್ಲ. ಯಾವ ಕಷ್ಟವನ್ನು ಎಲ್ಲಿ ಸಹಿಸುವುದೆಂದು ಆರಿಸಿಕೊಳ್ಳುವುದಷ್ಟೇ ಪ್ರವಾಸಿಯ ಕೈಯಲ್ಲಿದೆ.

ಪಂಚಾಂಗದೊಡನೆ ಸರ್ಕಾರಗಳ ಕಾಗದವೂ ಸೇರುತ್ತದೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂದು ಅನೇಕ ದೇಶಗಳು ಬಯಸುತ್ತವೆ. ವೀಸಾ ಎಂಬ ಪ್ರವೇಶಪತ್ರದಲ್ಲಿ ದಿನಗಳು ಎಣಿಸಿ ಕೊಟ್ಟಿರುತ್ತವೆ. ವಿಮಾನದಲ್ಲಿ ಬಂದವನಿಗೆ ಮೂವತ್ತು ದಿನ ಧಾರಾಳ. ಸೈಕಲ್ಲಿನವನಿಗೆ ಅದು ಗಣಿತದ ಪ್ರಶ್ನೆ. ಆ ದೇಶವನ್ನು ದಾಟುವ ಹಾದಿ 1800 ಕಿಲೋಮೀಟರ್ ಇದ್ದು, ವಿಶ್ರಾಂತಿಗೆ ನಾಲ್ಕು ದಿನ ಬಿಟ್ಟರೆ, ಉಳಿದ ಇಪ್ಪತ್ತಾರು ದಿನಗಳಲ್ಲಿ ಪ್ರತಿದಿನವೂ ಸುಮಾರು 70 ಕಿಲೋಮೀಟರ್ ತುಳಿಯಲೇಬೇಕು. ಜ್ವರ ಬಂದರೂ, ಎದುರುಗಾಳಿ ಬೀಸಿದರೂ ದಿನಗಳು ನಿಲ್ಲುವುದಿಲ್ಲ. ಮಧ್ಯ ಏಷ್ಯಾದ ತುರ್ಕಮೆನಿಸ್ತಾನವು 2010ರ ದಶಕದಲ್ಲಿ ಹಾದುಹೋಗುವವರಿಗೆ ಕೊಡುತ್ತಿದ್ದ ಐದು ದಿನಗಳ ಅನುಮತಿ ಸೈಕಲ್ ಪ್ರವಾಸಿಗಳ ನಡುವೆ ಹೆಸರಾಗಿತ್ತು. ಆ ಐದು ದಿನಗಳಲ್ಲಿ ಅವರು ಮರುಭೂಮಿಯಲ್ಲಿ ಸುಮಾರು 500 ಕಿಲೋಮೀಟರ್ ಕ್ರಮಿಸಬೇಕಾಗಿತ್ತು.

ಅನುಮತಿ ಇಲ್ಲದೆ ನುಗ್ಗಿದವರ ಗತಿಯನ್ನು ಸ್ಟೀವನ್ಸನ ಕಥೆಯೇ ಹೇಳುತ್ತದೆ. ಇರಾನಿನಿಂದ ಆಫ್ಘಾನಿಸ್ತಾನವನ್ನು ಹೊಕ್ಕ ಆತನನ್ನು ಅಲ್ಲಿನ ಅಧಿಕಾರಿಗಳು ತಡೆದು, ಹೆರಾತಿಗೆ ಸಾಗಿಸಿ, ಮತ್ತೆ ಇರಾನಿನ ಗಡಿಗೆ ಬಿಟ್ಟುಬಂದರು. ಭಾರತವನ್ನು ತಲುಪಲು ಆತನು ಪಶ್ಚಿಮದ ಕಡೆಗೆ ಹಿಂದಿರುಗಿ ಹಡಗು ಹಿಡಿಯಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದೆ ಮುಕ್ಕಾಲು ಶತಮಾನದ ಬಳಿಕ ಮರ್ಫಿಗೂ ತೆಹರಾನಿನಲ್ಲಿ ಅದೇ ದೇಶದ ಅನುಮತಿಗಾಗಿ ಪರದಾಡಬೇಕಾಯಿತು; ಒಂಟಿ ಹೆಂಗಸು ಸೈಕಲ್ಲಿನ ಮೇಲೆ ಬರುವುದೆಂದರೆ ಅಧಿಕಾರಿಗಳು ಹಿಂಜರಿದರು. ಪಟ್ಟು ಬಿಡದ ಕಾರಣ ಕೊನೆಗೆ ದೊರೆಯಿತು.

ಇಂದು ಹೊರಡುವವರು ಸಾಮಾನ್ಯವಾಗಿ ಸೈಕಲ್ಲನ್ನು ವಿಮಾನದಲ್ಲಿಯೇ ಒಯ್ಯುತ್ತಾರೆ. ಅದಕ್ಕೆ ಸೈಕಲ್ ಅಂಗಡಿಗಳಲ್ಲಿ ಉಳಿಯುವ ರಟ್ಟಿನ ಪೆಟ್ಟಿಗೆ ಸಾಕು. ಪೆಡಲುಗಳನ್ನು ಬಿಚ್ಚಿ, ಹಿಡಿಯನ್ನು ಅಡ್ಡಲಾಗಿ ತಿರುಗಿಸಿ, ಮುಂದಿನ ಗಾಲಿಯನ್ನು ಕಳಚಿ ಚೌಕಟ್ಟಿಗೆ ಕಟ್ಟಬೇಕು. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಎಂಬುದನ್ನು ಇಲ್ಲಿ ನೆನಪಿಡಬೇಕು. ತುಳಿಯುವಾಗ ತಾನಾಗಿ ಸಡಿಲವಾಗದಿರಲೆಂದು ಅದನ್ನು ಹಾಗೆ ಮಾಡಿದ್ದಾರೆ. ಇದನ್ನರಿಯದೆ ಬಲ ಪ್ರಯೋಗಿಸಿದವನು ಬಿಚ್ಚುವ ಬದಲು ಇನ್ನಷ್ಟು ಬಿಗಿಮಾಡುತ್ತಾನೆ. ಗಾಲಿ ಕಳಚಿದ ಮುಂಭಾಗದ ಕವಲುಗಳ ನಡುವೆ ಒಂದು ಮರದ ತುಂಡನ್ನು ಸಿಕ್ಕಿಸಿದರೆ, ಪೆಟ್ಟಿಗೆಯ ಮೇಲೆ ಭಾರ ಬಿದ್ದರೂ ಅವು ಬಾಗುವುದಿಲ್ಲ. ಹಿಂದಿನ ಗೇರಿನ ತೋಳನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಒಳಕ್ಕೆ ಸರಿಸುವುದು ಲೇಸು. ದೀಪದ ಲಿಥಿಯಂ ಬ್ಯಾಟರಿಗಳು ಬಿಡಿಯಾಗಿದ್ದರೆ ಅವನ್ನು ಕೈಚೀಲದಲ್ಲಿಯೇ ಒಯ್ಯಬೇಕು; ಒಲೆಯ ಅನಿಲದ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ. ಭಾರದ ಮಿತಿಯೂ ಶುಲ್ಕವೂ ವಿಮಾನ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಟಿಕೆಟು ಕೊಳ್ಳುವ ಮುನ್ನವೇ ಕೇಳಿ ತಿಳಿಯಬೇಕು. ಚೌಕಟ್ಟಿನ ಕೆಳಭಾಗದಲ್ಲಿ, ಪೆಡಲಿನ ಅಚ್ಚಿನ ಬಳಿ, ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು ಕೊರೆದಿರುತ್ತಾರೆ. ಅದನ್ನೂ ಕೊಂಡ ರಸೀದಿಯನ್ನೂ ಬರೆದಿಟ್ಟುಕೊಂಡರೆ, ಕಳವಾದಾಗ ಪೊಲೀಸರ ಮುಂದೆಯೂ, ಗಡಿಯಲ್ಲಿ ಸುಂಕದ ಅಧಿಕಾರಿಯ ಮುಂದೆಯೂ ಅದು ತನ್ನದೇ ಎಂದು ತೋರಿಸಬಹುದು.

ಇಷ್ಟೆಲ್ಲ ಸಿದ್ಧತೆಯ ಬಳಿಕವೂ ಪ್ರಯಾಣವು ಯೋಜನೆಯ ಪ್ರಕಾರ ನಡೆಯುತ್ತದೆಯೇ? ಮರ್ಫಿಯ ಅನುಭವ ನೋಡೋಣ. ಆಕೆ ಹೊರಟ 1963ರ ಚಳಿಗಾಲ ಯುರೋಪು ಬಹುಕಾಲ ಕಾಣದಿದ್ದಷ್ಟು ಕಠೋರವಾಗಿತ್ತು. ರಸ್ತೆಗಳು ಮಂಜುಗಡ್ಡೆಯಾಗಿ ಗಾಲಿ ನಿಲ್ಲದಾಯಿತು. ಆಲ್ಪ್ಸ್ ಪರ್ವತವನ್ನು ಆಕೆ ರೈಲಿನಲ್ಲಿ ದಾಟಿದಳು. ಯುಗೊಸ್ಲಾವಿಯದಲ್ಲಿ ಲಾರಿಯವರ ನೆರವು ಪಡೆದಳು. ಪ್ರತಿಯೊಂದು ಮೈಲಿಯನ್ನೂ ಪೆಡಲಿನಿಂದಲೇ ಸಾಗಬೇಕೆಂಬ ಹಟ ಆಕೆಗಿರಲಿಲ್ಲ. ಇದು ಸೋಲಲ್ಲ, ವಿವೇಕ. ಅಲ್ಲಿಯೇ ಒಂದು ರಾತ್ರಿ ಆಕೆ ಕುಳಿತಿದ್ದ ಲಾರಿ ಹಿಮದಲ್ಲಿ ಜಾರಿ ಮರಕ್ಕೆ ಬಡಿಯಿತು. ನೆರವು ಹುಡುಕುತ್ತ ನಡೆದು ಹೋಗುತ್ತಿದ್ದಾಗ ತೋಳಗಳು ಮೇಲೆರಗಿದವು. ಒಂದು ಆಕೆಯ ಭುಜದ ಬಟ್ಟೆಯನ್ನು ಕಚ್ಚಿ ಹಿಡಿಯಿತು. ಸಾಮಾನಿನಲ್ಲಿ ಒಯ್ದಿದ್ದ ಪುಟ್ಟ ಪಿಸ್ತೂಲಿನಿಂದ ಗುಂಡು ಹಾರಿಸಿ ಆಕೆ ಪಾರಾದಳು. ಹೊರಡುವ ಮುನ್ನ ಅದನ್ನು ಹಾರಿಸುವ ಅಭ್ಯಾಸವನ್ನೂ ಮಾಡಿಕೊಂಡಿದ್ದಳು. ಇಂದಿನ ಕಾನೂನುಗಳಲ್ಲಿ ಹಾಗೆ ಆಯುಧ ಹಿಡಿದು ಗಡಿಗಳನ್ನು ದಾಟುವುದು ಸೆರೆಮನೆಯ ದಾರಿಯೇ ಸರಿ.

ಆಫ್ಘಾನಿಸ್ತಾನವನ್ನು ಆಕೆ ಬಹುವಾಗಿ ಮೆಚ್ಚಿದಳು, ಗಾಯಗೊಂಡದ್ದೂ ಅಲ್ಲಿಯೇ. ಅದೂ ಸೈಕಲ್ಲಿನಿಂದ ಬಿದ್ದಲ್ಲ. ಬಸ್ಸಿನೊಳಗೆ ಪ್ರಯಾಣಿಕರ ನಡುವೆ ಜಗಳವೆದ್ದು, ಯಾರಿಗೋ ಬೀಳಬೇಕಾಗಿದ್ದ ಬಂದೂಕಿನ ಹಿಡಿಯ ಹೊಡೆತ ಆಕೆಗೆ ತಗಲಿ ಪಕ್ಕೆಲುಬುಗಳು ಮುರಿದವು. ಯಾವ ಯೋಜನೆಯೂ ಮುಂಗಾಣಲಾರದ ಆಪತ್ತು ಅದು. ಪಾಕಿಸ್ತಾನದಲ್ಲಿ ಆಕೆ ನೇರವಾದ ಹೆದ್ದಾರಿಯನ್ನು ಬಿಟ್ಟು ಗಿಲ್‌ಗಿಟ್ ಕಡೆಯ ಪರ್ವತಗಳಿಗೆ ತಿರುಗಿದಳು. ಸುಮಾರು 4,170 ಮೀಟರ್ ಎತ್ತರದ ಬಾಬುಸರ್ ಕಣಿವೆಯ ದಾರಿ ಇನ್ನೂ ಹಿಮದಿಂದ ತುಂಬಿತ್ತು. ಹಾದಿಯೇ ಮರೆಯಾಗಿದ್ದ ಆ ಹಿಮದಲ್ಲಿ ಸೈಕಲ್ಲೇ ಹೊರೆಯಾಯಿತು. ಸವಾರಳೇ ಅದನ್ನು ಎತ್ತಿಕೊಂಡು ನಡೆದಳು. ಗೇರಿದ್ದರೂ ಅಲ್ಲಿ ಏನೂ ಆಗುತ್ತಿರಲಿಲ್ಲ; 17 ಕಿಲೋಗ್ರಾಂ ಮಾತ್ರವಿದ್ದುದೇ ಪುಣ್ಯ. 1963ರ ಜುಲೈ 18ರಂದು, ಹೊರಟ ಆರು ತಿಂಗಳಿಗೆ, ಆಕೆ ದೆಹಲಿಯನ್ನು ಸೇರಿದಳು. ಒಟ್ಟು ಖರ್ಚು ಸುಮಾರು 64 ಪೌಂಡು. ಈ ಪ್ರಯಾಣದ ಕಥನ 1965ರಲ್ಲಿ ಪುಸ್ತಕವಾಗಿ ಹೊರಬಂದಿತು.

ಆಕೆ ತುಳಿದ ದಾರಿ ಇಂದು ಹಾಗೆಯೇ ಉಳಿದಿಲ್ಲ. ಯುಗೊಸ್ಲಾವಿಯ 1990ರ ದಶಕದಲ್ಲಿ ಒಡೆದು ಹಲವು ದೇಶಗಳಾಯಿತು. ಆಫ್ಘಾನಿಸ್ತಾನದಲ್ಲಿ 1979ರ ಕೊನೆಯಲ್ಲಿ ಸೋವಿಯತ್ ಸೇನೆ ಪ್ರವೇಶಿಸಿದಂದಿನಿಂದ ದಶಕಗಳ ಕಾಲ ಯುದ್ಧ ನಡೆಯಿತು. ಹಿಂದೆ ಸಾವಿರಾರು ತರುಣರು ಹಾದುಹೋಗುತ್ತಿದ್ದ ಹಾದಿ ಮುಚ್ಚಿಹೋಯಿತು. ಹತ್ತು ವರ್ಷದ ಹುಡುಗಿ ನೋಡಿದ ಭೂಪಟವನ್ನು ಹಿಡಿದು ಇಂದು ಯಾರೂ ಹೊರಡಲಾರರು. ಮೂವತ್ತೊಂದರ ವಯಸ್ಸಿಗಲ್ಲದೆ ಇನ್ನೂ ಇಪ್ಪತ್ತು ವರ್ಷ ತಡವಾಗಿದ್ದರೆ ಬಹುಶಃ ಮರ್ಫಿಯೂ ಆ ದಾರಿಯಲ್ಲಿ ಬರಲಾಗುತ್ತಿರಲಿಲ್ಲ.

ಭಾರತಕ್ಕೆ ಆಕೆ ಮತ್ತೆ ಬಂದಳು. 1973ರ ಕೊನೆಯಲ್ಲಿ, ಇನ್ನೂ ಐದು ವರ್ಷ ತುಂಬದ ಮಗಳ ಕೈಹಿಡಿದು ಮುಂಬಯಿಯಲ್ಲಿಳಿದು, ಪಶ್ಚಿಮದ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗಿ ನಮ್ಮ ಕೊಡಗನ್ನು ತಲುಪಿದಳು. ವಿರಾಜಪೇಟೆಯ ಸಮೀಪದ ಹಳ್ಳಿಯೊಂದರಲ್ಲಿ ಕೆಲವು ಕಾಲ ಬಿಡಾರ ಮಾಡಿ, ಕಾಫಿ ತೋಟಗಳ ನಡುವೆ, ಕೊಡವರ ಮನೆಗಳಲ್ಲಿ ಕಂಡ ಬಾಳನ್ನು ಕುರಿತು 1976ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಆ ಬಾರಿ ಸೈಕಲ್ಲು ಇರಲಿಲ್ಲ. ಬಸ್ಸು, ರೈಲು, ಕಾಲ್ನಡಿಗೆಗಳೇ ಆಧಾರ. ಆದರೆ ಸೈಕಲ್ಲನ್ನು ಆಕೆ ತೊರೆದಿರಲಿಲ್ಲ. 1992ರಲ್ಲಿ, ಅರವತ್ತು ವರ್ಷ ತುಂಬಿದ ಬಳಿಕ, ಆಫ್ರಿಕದ ಕೀನ್ಯಾದಿಂದ ಜಿಂಬಾಬ್ವೆಯವರೆಗೆ ಮತ್ತೆ ಒಂಟಿಯಾಗಿ ಸೈಕಲ್ಲು ತುಳಿದಳು.